ಚಾವಿ ತೆಗೆದರೂ ನಿಲ್ಲದ ಎಂಜಿನ್

ಕಾರಿನ ಚಾವಿ ನನ್ನ ಗಂಡನ ಕೈಯಲ್ಲಿತ್ತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಓಡುತ್ತಿತ್ತು ಎಂದರೆ ಕಡಿಮೆಯಾಯಿತು, ಅರಚುತ್ತಿತ್ತು. ಚಾವಿ ಕಿತ್ತುಕೊಂಡ ಮೇಲೂ ಒಂದು ಯಂತ್ರ ತನ್ನಷ್ಟಕ್ಕೆ ತಾನು ಓಡಬಹುದು ಎಂದು ಆ ದಿನದವರೆಗೆ ಯಾರಾದರೂ ಹೇಳಿದ್ದರೆ ಅವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದೆ. ಅದರ ಬೆನ್ನಿಗೇ ನನ್ನ ಅತ್ತೆ ಮಾಡಿದ್ದನ್ನಂತೂ ಕಣ್ಣಾರೆ ಕಂಡೂ ಇವತ್ತಿಗೂ ಪೂರ್ತಿ ನಂಬಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಗಂಡ ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಮಿತಭಾಷಿ, ಸಾಧು. ಆದರೆ ಕಾರಿನ ವಿಷಯ ಬಂದರೆ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದರು. ಹೈದರಾಬಾದಿನ ಯಾರಿಂದಲೋ ಹಳೆಯದೊಂದು ಟರ್ಬೊ ಡೀಸೆಲ್ ಕಾರು ತಂದರು. ಟರ್ಬೊ ಅಂದರೆ ಹೊಗೆಯ ರಭಸಕ್ಕೇ ತಿರುಗಿ ಎಂಜಿನ್ನಿನೊಳಗೆ ಹೆಚ್ಚು ಗಾಳಿ ತುಂಬುವ ಒಂದು ಪುಟ್ಟ ಪಂಖ ಎಂದು ನಾನು ಕೇಳದಿದ್ದರೂ ಊಟಕ್ಕೆ ಕೂತಾಗಲೆಲ್ಲ ತಿಳಿಸಿ ಹೇಳುತ್ತಿದ್ದರು. ಗಾಳಿ ಹೆಚ್ಚು ಹೋಗುತ್ತದೆ, ಅಂದ ಮೇಲೆ ಡೀಸೆಲ್ಲನ್ನೂ ಹೆಚ್ಚು ಕೊಡಬಹುದು. ಡೀಸೆಲ್ ಸಿಂಪಡಿಸುವ ನಾಲ್ಕು ನೋಜಲ್‌ಗಳನ್ನು ತೆಗೆದು ದೊಡ್ಡ ತೂತಿನವನ್ನು ಕೂಡಿಸಿದರೆ ಕಮಲಾಪುರದ ಏರನ್ನು ಕಾರು ಹಾರಿಕೊಂಡು ಹತ್ತುತ್ತದೆ. ಇದು ಅವರ ಲೆಕ್ಕಾಚಾರ.

ಕೋಟೆಯ ಹಿಂದಿನ ಗಲ್ಲಿಯಲ್ಲಿ ಪಂಪು, ನೋಜಲ್ಲುಗಳ ಕೆಲಸವನ್ನಷ್ಟೇ ಮಾಡುವ ಮಿಸ್ತ್ರಿಯೊಬ್ಬರಿದ್ದರು. ನಡುವಯಸ್ಸಿನ ಮುಸ್ಲಿಂ ಗೃಹಸ್ಥರು, ಮಾತು ನಿಧಾನ. ಅವರು ಮೊದಲೇ ಬೇಡವೆಂದರು.

"ಈ ಎಂಜಿನ್ನಿಗಿ ಇಷ್ಟಽ ಹಸಿವಿ ಅದ ಸಾಹೇಬ್ರ. ಜಾಸ್ತಿ ಉಣಿಸಿದ್ರ ಅಜೀರ್ಣ ಆಗ್ತದ."

ನನ್ನ ಗಂಡ ಕೇಳಲಿಲ್ಲ. ದೊಡ್ಡ ನೋಜಲ್ ಹಾಕಿಸಿಯೇ ಬಿಟ್ಟರು. ಕಾರು ಓಡಿತು, ಸುಳ್ಳು ಹೇಳಬಾರದು, ಚೆನ್ನಾಗಿಯೇ ಓಡಿತು. ಆದರೆ ಹಿಂದಿನಿಂದ ಬರುತ್ತಿದ್ದ ಕರಿಹೊಗೆಗೆ ಎದುರುಮನೆಯವರು ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳಗಳೆಲ್ಲ ಮಸಿ ಹಿಡಿದವು. ಅವರು ಬಂದು ಜಗಳ ಆಡಿ ಹೋದರು. ನಾನೂ ಅವರ ಪಕ್ಷವೇ ವಹಿಸಿದೆ. ಅದಕ್ಕೂ ನನ್ನ ಗಂಡ ಬಗ್ಗಲಿಲ್ಲ. ಕೊನೆಗೆ ಬಗ್ಗಿಸಿದವರು ನನ್ನ ಅತ್ತೆ.

ಮಾವನವರ ಶ್ರಾದ್ಧ ಪ್ರತಿವರ್ಷ ಕಮಲಾಪುರದಲ್ಲಿ, ನನ್ನ ಭಾವನವರ ಮನೆಯಲ್ಲಿ. ಆ ದಿನದ ಅಡುಗೆ ಅತ್ತೆಯದೇ. ಬೇರೆ ಯಾರೂ ಒಲೆಯ ಹತ್ತಿರ ಸುಳಿಯುವಂತಿಲ್ಲ. "ಈ ಹೊಗಿ ಕಾರಿನ್ಯಾಗ ನಾ ಮಡೀಲೆ ಕೂಡಂಗಿಲ್ಲ. ನಡಕೋತ ಹೋಗ್ತೀನಿ" ಎಂದರು. ಹೋಗುವವರೇ ಅವರು. ಮೊದಲಿನ ನೋಜಲ್‌ಗಳನ್ನೇ ಹಾಕಿಸಲು ಮರುದಿನವೇ ಕಾರು ಮತ್ತೆ ಮಿಸ್ತ್ರಿಯ ಬಾಗಿಲಿಗೆ ಬಂತು. ಊರೊಳಗಿನ ಜಗತ್ ಬಡಾವಣೆಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಮನೆಗೆ ಹೊರಟಿದ್ದ ಅತ್ತೆಯೂ ನಾನೂ ಹಿಂದಿನ ಸೀಟಿನಲ್ಲಿದ್ದುದರಿಂದ ನಾವೂ ಬಂದೆವು.

ಅತ್ತೆಯ ಮಡಿಯ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಒಣಹಾಕಿದ ಅವರ ಮಡಿ ಸೀರೆಯ ಕೆಳಗೆ ನಾನು ತಲೆ ಬಗ್ಗಿಸದೆ ನಡೆದರೆ ಅದನ್ನು ಮತ್ತೆ ನೆನೆಹಾಕುತ್ತಿದ್ದರು. ನಲ್ಲಿಯೊಳಗೆ ಚರ್ಮದ ವಾಸರ್ ಇರುತ್ತದೆಂದು ನಲ್ಲಿ ನೀರು ಮುಟ್ಟುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಆ ಸೀರೆಯನ್ನು ನಾನು ನೋಡಿದ್ದೇನೆಯೇ ಹೊರತು ಒಮ್ಮೆಯೂ ಮುಟ್ಟಿದವಳಲ್ಲ. ಸಿಟ್ಟು ಬರುತ್ತಿತ್ತು, ನಿಜ. ಅವರಿಗೆ ಮಾತ್ರ ಅದು ಹಟವಾಗಿರಲಿಲ್ಲ. ಮಡಿ ಕೆಟ್ಟ ಅಡುಗೆ ಗಂಡನಿಗೆ ಮುಟ್ಟುವುದಿಲ್ಲ, ಆತ ಇನ್ನೊಂದು ವರ್ಷ ಉಪವಾಸ ಇರಬೇಕಾಗುತ್ತದೆ ಎಂದು ಅವರು ನಿಜವಾಗಿ ನಂಬಿದ್ದರು.

ಮಿಸ್ತ್ರಿಯ ಅಂಗಡಿಯಲ್ಲಿ ಅತ್ತೆ ಮೂಗು ಮುರಿಯುತ್ತಾರೆಂದು ನಾನು ಕಾಯುತ್ತಿದ್ದೆ. ಆದರೆ ಮಿಸ್ತ್ರಿ ಒಳಕೋಣೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು, ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದರು, ಮೇಜಿನ ಮೇಲೆ ಬಿಳಿ ಅರಿವೆ ಹಾಸಿದರು. ಮೊದಲಿನ ನೋಜಲ್‌ಗಳನ್ನು ಸ್ವಚ್ಛ ಡೀಸೆಲ್ಲಿನಲ್ಲಿ ಅದ್ದಿ ತೆಗೆದು, ಒಳಗಿನ ಸೂಜಿಯನ್ನು ಚಿಮಟಿಗೆಯಲ್ಲಿ ಹಿಡಿದರು. ನನ್ನ ಗಂಡ ಕೈ ಚಾಚಿದ್ದೇ ತಡ, "ಮುಟ್ಟಬ್ಯಾಡ್ರಿ! ದೂರ ನಿಂದರ್ರಿ. ಕೈಬೆವರು ತಾಕಿದ್ರ ಜಂಗ್ ಹಿಡೀತದ. ಈ ಸೂಜಿ ಈ ನೋಜಲ್ಲಿಗೇ, ಮತ್ತೊಂದಕ್ಕ ನಡ್ಯಂಗಿಲ್ಲ" ಎಂದು ಗದರಿದರು.

ಅತ್ತೆಯ ಮುಖ ಅರಳಿತು. ನಾನು ಬೆಪ್ಪಾಗಿ ನೋಡಿದೆ. ಇದುವರೆಗೆ ಈ ಭೂಮಿಯ ಮೇಲೆ ಮಡಿಯ ಗಾಂಭೀರ್ಯ ತಿಳಿದವರು ತಾವೊಬ್ಬರೇ ಎಂದುಕೊಂಡಿದ್ದವರಿಗೆ ಜೊತೆ ಸಿಕ್ಕಿತ್ತು.

ಮಿಸ್ತ್ರಿ ಒಂದೊಂದೇ ನೋಜಲ್ಲನ್ನು ಕೈಪಂಪಿಗೆ ಕಟ್ಟಿ ಹಿಡಿ ಒತ್ತಿದರು. ಒಂದು ಸಣ್ಣಗೆ ಮಂಜಿನಂತೆ ಸಿಂಪಡಿಸಿ ಥಟ್ಟನೆ ನಿಂತಿತು. ಇನ್ನೊಂದರ ತುದಿಯಲ್ಲಿ ಹನಿ ತೂಗಾಡಿತು. "ಹನಿ ಹಾಕಬಾರದು ಅಮ್ಮಾ. ನಾಲ್ಕೂ ಒಂದೇ ಒತ್ತಡಕ್ಕ ಬಾಯಿ ತೆರೀಬೇಕು, ಒಂದೇ ಸಲಕ್ಕ ಮುಚ್ಚಬೇಕು" ಎಂದು ಅತ್ತೆಗೇ ಹೇಳಿದರು. ಹನಿಯುತ್ತಿದ್ದುದನ್ನು ಬಿಚ್ಚಿ ತಿಕ್ಕಿ, ಸ್ಪ್ರಿಂಗಿನ ಮೇಲೆ ಕೂದಲಿನಷ್ಟು ತೆಳ್ಳನೆಯ ಬಿಲ್ಲೆಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ನಾಲ್ಕನ್ನೂ ಒಂದು ಹದಕ್ಕೆ ತಂದರು. ಕೂಡಿಸುವಾಗ ಅತ್ತೆ ತಡೆದರು.

"ಆ ವಾಸರ್ ಚರ್ಮದ್ದೇನಪಾ?"

"ಇಲ್ರಿ ಅಮ್ಮಾ. ತಾಂಬ್ರದ್ದು."

"ಹಂಗಾರ ಅಡ್ಡಿಯಿಲ್ಲ" ಎಂದು ಅಪ್ಪಣೆ ಕೊಟ್ಟರು.

ಹೊಗೆ ನಿಂತಿತು. ಆದರೂ ಏರಿನಲ್ಲಿ, ಭಾರ ಹೊತ್ತಾಗ ಎಂಜಿನ್ ಹೇಗೆ ಉಸಿರಾಡುತ್ತದೆ ಕೇಳಬೇಕೆಂದು ಶ್ರಾದ್ಧದ ದಿನ ಮಿಸ್ತ್ರಿ ತಾವೂ ಕಾರಿನಲ್ಲಿ ಬಂದರು. ನನ್ನ ಗಂಡನ ಪಕ್ಕ ಅವರು. ಹಿಂದೆ ರೇಷ್ಮೆಯ ಮಡಿಯಲ್ಲಿ ಅತ್ತೆ, ಆಚೆ ಬದಿಯ ಬಾಗಿಲಿಗೆ ಅಂಟಿಕೊಂಡು ನಾನು. ನಮ್ಮಿಬ್ಬರ ನಡುವೆ ಮುಚ್ಚಳದ ಹಿತ್ತಾಳೆ ಬಕೆಟ್ಟು. ಅದರೊಳಗೆ ಬೆಳಗ್ಗೆ ಬಾವಿ ನೀರಿನಲ್ಲಿ ಅದ್ದಿಟ್ಟ ಹತ್ತಿಯ ಒಂಬತ್ತು ಗಜದ ಸೀರೆ. ಶ್ರಾದ್ಧದ ಅಡುಗೆಗೆ ಒದ್ದೆ ಮಡಿಯೇ ಆಗಬೇಕು, ಯಾರೂ ಮುಟ್ಟದೆ ಒದ್ದೆಯಿರುವಷ್ಟು ಹೊತ್ತು ಮಡಿ ಕೆಡುವುದಿಲ್ಲ ಎಂಬುದು ಅವರದೇ ಶಾಸ್ತ್ರ. ಮಠದವರು ಒಪ್ಪುತ್ತಿದ್ದರೋ ಇಲ್ಲವೋ, ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ.

ಕಮಲಾಪುರ ಇನ್ನೇನು ಬಂತು ಎನ್ನುವಾಗ, ಏರಿನ ಮೇಲೆ, ನನ್ನ ಗಂಡ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಸದ್ದು ಇಳಿಯಲಿಲ್ಲ. ಏರಿತು. ಹಿಂದೆ ಬಿಳಿನೀಲಿ ಹೊಗೆ ರಸ್ತೆಯನ್ನೇ ಮುಚ್ಚಿತು. ಅವರು ಹೆದರಿ ಗೇರು ಬಿಡಿಸಿ, ಕಾರನ್ನು ಪಕ್ಕಕ್ಕೆ ತಂದು, ಕೈಬ್ರೇಕು ಎಳೆದು, ಚಾವಿ ಕಿತ್ತುಕೊಂಡು ಕೆಳಗಿಳಿದರು. ಎಂಜಿನ್ ಅರಚುತ್ತಲೇ ಇತ್ತು.

"ಟರ್ಬೊದ ಸೀಲ್ ಹೋಗ್ಯಾದ! ತನ್ನ ಎಣ್ಣಿ ತಾನೇ ಕುಡಿಲಾಕತ್ತಾದ! ಎಲ್ಲಾರೂ ಇಳೀರಿ!" ಎಂದು ಮಿಸ್ತ್ರಿ ಕೂಗಿದರು. ದೊಡ್ಡ ನೋಜಲ್ಲಿನ ಕಾವಿಗೆ ಆ ಪಂಖದೊಳಗೆ ಎಣ್ಣೆ ತಡೆಯುವ ಸೀಲು ಎಂದೋ ಬೆಂದುಹೋಗಿತ್ತು. ಅದು ಮಿಸ್ತ್ರಿಗೂ ಗೊತ್ತಾಗಿರಲಿಲ್ಲ. ಡೀಸೆಲ್ ನಿಂತರೂ ಎಂಜಿನ್ನಿಗೆ ಈಗ ತನ್ನೊಳಗಿನ ಎಣ್ಣೆಯೇ ಸಾಕಾಗಿತ್ತು. ಗಾಳಿ ನಿಲ್ಲಿಸಬೇಕು, ಇಲ್ಲವೇ ಅದು ಸಿಡಿಯುವವರೆಗೆ ಕಾಯಬೇಕು.

ನಾವು ಕಾಯುತ್ತಿದ್ದೆವೋ ಏನೋ, ಬಾಗಿಲ ಬಳಿಯೇ ನಿಂತು. ಮಿಸ್ತ್ರಿ ಮಾತ್ರ ಬಾನೆಟ್ ಎತ್ತಿ ಒಳಗೆ ಬಗ್ಗಿದರು. ಗಾಳಿ ಸೋಸುವ ಡಬ್ಬಿಯ ಮುಚ್ಚಳ ಕಿತ್ತು, ಕೊಳವೆಯ ಬಾಯಿಗೆ ಹೆಗಲ ಮೇಲಿನ ವಸ್ತ್ರ ಒತ್ತಿದರು. ಎಂಜಿನ್ ಅದನ್ನು ಸೊರಕ್ಕನೆ ಒಳಗೆಳೆದುಕೊಂಡಿತು. ಆಮೇಲೆ ಅವರು ಅಂಗೈಯನ್ನೇ ಇಟ್ಟರು. ನಾನು ಚೀರಿದೆ.

"ಹಸಿ ಅರಿವಿ ಕೊಡ್ರಿ! ದಪ್ಪಂದು! ಯಾರರೆ ಕೊಡ್ರಿ!"

ಬಕೆಟ್ಟು ನನ್ನ ಕೈಯಳತೆಯಲ್ಲಿತ್ತು. ಕಾರಿನ ತೆರೆದ ಬಾಗಿಲಿನೊಳಗೆ ಕಾಣುತ್ತಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ನನ್ನ ಗಂಡನ ಕೈಯೂ ಹೋಗಲಿಲ್ಲ. ಒಬ್ಬ ಮನುಷ್ಯ ಸಾಯುವ ಹೊತ್ತಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಅತ್ತೆ ನಮ್ಮಿಬ್ಬರ ನಡುವೆ ನುಗ್ಗಿ, ಮುಚ್ಚಳ ಎಸೆದು, ನೀರಿಳಿಯುತ್ತಿದ್ದ ಸೀರೆಯನ್ನು ಮುದ್ದೆ ಮಾಡಿಕೊಂಡು ಓಡಿದರು. ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಕೈ ತಗಿ!" ಎಂದು ಗದರಿ ಸೀರೆಯನ್ನು ಆ ಬಾಯಿಗೆ ಒತ್ತಿದರು. ಎಳೆತಕ್ಕೆ ಅವರ ತೋಳು ನಡುಗಿತು. ಮಿಸ್ತ್ರಿ ಹಿಂದೆಮುಂದೆ ನೋಡದೆ ತಮ್ಮ ಎರಡೂ ಕೈಗಳನ್ನು ಸೀರೆಯ ಮೇಲೆ, ಅತ್ತೆಯ ಕೈಗಳ ಮೇಲೆ ಇಟ್ಟು ಬಲವಾಗಿ ಅದುಮಿದರು. ಎಂಜಿನ್ ಉಸಿರು ಕಟ್ಟಿ, ಗಡಗಡ ಅಲುಗಿ, ಸತ್ತಿತು.

ಆಮೇಲಿನ ನಿಶ್ಶಬ್ದದಲ್ಲಿ ನನ್ನ ಕಿವಿ ಗುಂಯ್ ಎನ್ನುತ್ತಿತ್ತು. ಅತ್ತೆ ಸೀರೆ ತೆಗೆದು ಕೊಡವಿದರು. ಅದರ ಮೇಲೆ ಕೊಳವೆಯ ಬಾಯಿಯಷ್ಟಗಲದ ಕಪ್ಪು ಉಂಗುರ ಬಿದ್ದಿತ್ತು. ಅವರು ಮಿಸ್ತ್ರಿಯನ್ನು ನೆಟ್ಟಗೆ ನೋಡಿ ಕೇಳಿದರು:

"ನೀ ಏನೂ ಮುಟ್ಟಿಲ್ಲಲ್ಲ?"

ಮಿಸ್ತ್ರಿ ಕೆಂಪಗೆ ಬಾತಿದ್ದ ತಮ್ಮ ಅಂಗೈ ನೋಡಿಕೊಂಡರು. "ಇಲ್ರಿ ಅಮ್ಮಾ. ನಾ ಮುಟ್ಟಿಲ್ಲ."

ಸತ್ತ ಎಂಜಿನ್ನಿಗಿಂತ ಆ ಒಂದು ಮಾತಿಗೆ ನಾನು ಹೆಚ್ಚು ಬೆಚ್ಚಿದೆ. ಅತ್ತೆ ಸೀರೆಯನ್ನು ಬಕೆಟ್ಟಿಗೆ ಹಾಕಿ ಮುಚ್ಚಿ, "ನಡೀರಿ, ಹೊತ್ತಾಗ್ತದ" ಎಂದರು. ಮಿಸ್ತ್ರಿಯನ್ನು ಕಾರಿನ ಹತ್ತಿರ ಬಿಟ್ಟು ನಾವು ನಡೆದೇ ಕಮಲಾಪುರ ಸೇರಿದೆವು.

ಭಾವ ಸೀರೆಯ ಕಲೆ ನೋಡಿ ಗಾಬರಿಯಾದರು. "ಅವ್ವಾ, ಇದೇನಿದು?"

"ಕಾರಿನ ಮಸಿ. ಯಾರೂ ಮುಟ್ಟಿಲ್ಲ."

ಹಾಗೆಂದು ಆ ಕಪ್ಪು ಉಂಗುರದ ಸೀರೆಯನ್ನೇ ಉಟ್ಟು ಒಲೆಯ ಮುಂದೆ ಕೂತರು. ನಾನೂ ನನ್ನ ಗಂಡನೂ ಬಾಯಿ ಬಿಡಲಿಲ್ಲ. ವಡೆ, ಪಾಯಸ, ಎಲ್ಲ ಆಯಿತು. ಬ್ರಾಹ್ಮಣರು ಉಂಡರು. ಪುರೋಹಿತರು ವಡೆಯನ್ನು ಎರಡನೆಯ ಸಲವೂ ಹಾಕಿಸಿಕೊಂಡರು. ಕೊನೆಗೆ ಹಿತ್ತಲಲ್ಲಿ ಕಾಗೆಗೆ ಇಟ್ಟು ಎಲ್ಲರೂ ಸರಿದು ನಿಂತೆವು. ಕಾಗೆ ಮುಟ್ಟಿದ ಮೇಲೆಯೇ ಮನೆಯವರ ಊಟ.

ಪ್ರತಿವರ್ಷ ಎಲೆ ಇಡುವ ಮೊದಲೇ ಬಂದು ಕೂಗುವ ಕಾಗೆ ಆ ವರ್ಷ ಪತ್ತೆಯಿಲ್ಲ. ಬೇವಿನ ಮರ ಬರಿದಾಗಿತ್ತು. ಹೀಗಾದಾಗ ಮನೆಯವರು ಸತ್ತವರೊಡನೆ ಮಾತಾಡಿ, ಅವರ ಮನಸ್ಸಿನಲ್ಲಿರುವುದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡುವುದುಂಟು. ಭಾವ ಅಪ್ಪನ ಹೊಲ ಮಾರುವುದಿಲ್ಲ ಎಂದರು. ಕಾಗೆ ಬರಲಿಲ್ಲ. ನನ್ನ ಗಂಡ, "ಅಪ್ಪಾ, ಕಾರು ಮಾರಿ ಬಿಡ್ತೀನಿ" ಎಂದರು. ಅದಕ್ಕೂ ಬರಲಿಲ್ಲ.

ಅತ್ತೆ ಮುಂದೆ ಬಂದು ಕೈಮುಗಿದರು. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದರು.

"ನೋಡ್ರಿ, ನಿಮ್ಮ ಮುಂದ ಸುಳ್ಳ ಹೇಳಂಗಿಲ್ಲ. ಮಡಿ ಹೋಗ್ಯದ. ಆ ಮಿಸ್ತ್ರಿ ಮುಟ್ಯಾನ, ನನ್ನ ಕೈಮ್ಯಾಲ ಕೈ ಇಟ್ಟಾನ. ಅವನೂ ಒಬ್ಬಾಕಿ ಗಂಡ ಇದ್ದಾನ್ರಿ. ಹೆಂಗ ಬಿಡ್ಲಿ? ಇವತ್ತ ಇದನ್ನಽ ಉಣ್ರಿ."

ಭಾವ ಗೋಡೆ ಹಿಡಿದುಕೊಂಡರು. ಪುರೋಹಿತರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನೂ ಕೇಳಿಸದವರಂತೆ ಬೇವಿನ ಮರವನ್ನೇ ನೋಡುತ್ತಾ ನಿಂತರು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

ಗೋಡೆಯಾಚೆಯಿಂದ ಕಾಗೆಯೊಂದು ಹಾರಿ ಬಂದು ಎಲೆಯ ಅಂಚಿಗೆ ಇಳಿಯಿತು. ಅತ್ತೆಯ ಮಾತಿಗೆ ಬಂತೋ, ವಡೆಯ ವಾಸನೆಗೆ ಬಂತೋ ನಾನು ಹೇಳಲಾರೆ. ಅತ್ತೆ ಅದನ್ನು ತಿರುಗಿ ನೋಡಲೂ ಇಲ್ಲ. ಒಳಗೆ ಹೋಗುತ್ತಾ, ಇಷ್ಟು ವರ್ಷ ನನ್ನನ್ನು ಹತ್ತಿರ ಬರಗೊಡದವರು, ನನ್ನ ರಟ್ಟೆ ಹಿಡಿದು ಎಳೆದುಕೊಂಡರು.

"ಬಾ, ನೀ ಬಡಸು. ನನ್ನ ಕೈ ನಡಗ್ಲಿಕ್ಕತ್ತಾವ."