ಲಿಂಗರಾಜ ಸರ್ ಕರೆಯುವ ತನಕ

ವಡೋದರದ ಮಕರಪುರದ ಆ ಓಣಿಯಲ್ಲಿ ತಗಡು ಒತ್ತುವ ಯಂತ್ರ ದಢ್ ದಢ್ ಎಂದು ಶುರುವಾಗುವ ಹೊತ್ತಿಗೆ ರಚನಾ ಶೂ ಕಟ್ಟಿಕೊಂಡು ಬಾಗಿಲ ಹೊರಗೆ ನಿಂತಿರುತ್ತಾಳೆ. ಅವಳ ಪಾಳಿಗೆ ಇನ್ನೂ ಬೇಕಾದಷ್ಟು ಸಮಯವಿರುತ್ತದೆ. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಅವಳು ತಡವಾಗಿ ಬಂದದ್ದನ್ನು ಕಂಡವರಿಲ್ಲ, ನೆಪ ಹೇಳಿದ್ದನ್ನು ಕೇಳಿದವರಿಲ್ಲ. ಬಸ್ಸು ಗಕ್ಕನೆ ನಿಂತರೆ ಉಳಿದವರು ಮುಗ್ಗರಿಸುತ್ತಾರೆ. ಅವಳ ಮಂಡಿಗಳು ತಾವಾಗಿಯೇ ಬಾಗಿ ಮೈಯನ್ನು ಹಿಡಿದುಕೊಳ್ಳುತ್ತವೆ. ಎಲ್ಲ ಲಿಂಗರಾಜ ಸರ್ ಹಾಕಿಕೊಟ್ಟದ್ದು.

ಇನ್ನೊಂದೂ ಇದೆ. ಕರೆಯದೆ ಅವಳು ಎಲ್ಲಿಗೂ ಹೋಗುವುದಿಲ್ಲ, ಪಕ್ಕದ ಮನೆಗೂ. ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಅದು ಅವಳದೇ ಎಂದು ಎಲ್ಲರೂ ತಿಳಿದಿದ್ದರು. ಯಾರಾದರೂ ಕರೆದು ಹೇಳಲಿ ಎಂದು ಅವಳು ಕಾದಳು. ಕೇಳಿದವರಿಗೆ ಅದು ಸಿಕ್ಕಿತು.

ಸರ್ ಗದಗಿನ ಕಡೆಯವರು. ರೈಲ್ವೆ ಕೆಲಸದ ಮೇಲೆ ವಡೋದರಕ್ಕೆ ಬಂದು ಇಲ್ಲೇ ನಿಂತವರು. ಸಂಜೆ ಕಾಲೊನಿಯ ಮೈದಾನದಲ್ಲಿ ಹುಡುಗಿಯರಿಗೆ ಖೋ ಖೋ ಕಲಿಸುತ್ತಿದ್ದರು. ಅವರಲ್ಲಿ ಕನ್ನಡದವಳು ರಚನಾ ಒಬ್ಬಳೇ. ಅಪ್ಪ ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಬಂದವರು. ಉಳಿದವರನ್ನು ಸರ್ ಹಿಂದಿಯಲ್ಲಿ ಗದರುತ್ತಿದ್ದರು. ಇವಳನ್ನು ಮಾತ್ರ ಕನ್ನಡದಲ್ಲಿ.

"ಜ್ವಾಳದ ಚೀಲ ಬಿದ್ದಂಗ ಬೀಳತೀಯಲ್ಲ! ಏಳು, ನಿಮ್ಮಪ್ಪ ಬಂದು ಎತ್ತತಾನಂತ ಮಾಡೀಯೇನು?"

"ನೋವಾಯ್ತು ಸರ್."

"ನೋವು ಮನಿಗೆ ಕರಕೊಂಡು ಹೋಗು. ಮೈದಾನದಾಗ ಅದಕ್ಕ ಜಾಗಾ ಇಲ್ಲ."

ಅವಳು ಏಳುತ್ತಿದ್ದಳು. ಅಹಮದಾಬಾದಿನ ಫೈನಲ್‌ನಲ್ಲಿ ಮಾತ್ರ ಏಳಬಾರದ ಹೊತ್ತಿಗೆ ಎದ್ದಳು. ಬೆನ್ನ ಹಿಂದೆ ಖೋ ಬೀಳುವ ಮೊದಲೇ ಅವಳ ಕಾಲು ನೆಲ ಬಿಟ್ಟಿತು. ಫೌಲ್. ಹಿಡಿಯಬೇಕಾದವಳು ತಪ್ಪಿಸಿಕೊಂಡಳು, ತಂಡ ಸೋತಿತು. ವಡೋದರದಲ್ಲಿ ರೈಲಿನಿಂದ ಇಳಿದ ಮೇಲೆ ಸರ್ ಪ್ಲಾಟ್‌ಫಾರ್ಮಿನಲ್ಲೇ ಅಂದರು: "ನಾ ಕರಿಯೂ ತನಕಾ ಮೈದಾನಕ್ಕ ಕಾಲಿಡಬ್ಯಾಡ. ಮುಖಾನೂ ತೋರಸಬ್ಯಾಡ."

ರಚನಾಳ ಮನೆಯಲ್ಲಿ ಬೆಕ್ಕನ್ನು ಗದರುವುದೂ ಮೆಲುದನಿಯಲ್ಲಿ. ಅವಳಿಗೆ ಗೊತ್ತಿದ್ದ ಕನ್ನಡ ಆ ಮನೆಯದಷ್ಟೇ, ಅಲ್ಲಿ ಆಡಿದ ಮಾತೆಂದರೆ ಆಡಿದ ಮಾತು. ಹೀಗಾಗಿ ಅವಳು ಹೋಗಲಿಲ್ಲ. ಸಂಜೆಯಾದರೆ ಶೂ ಹಾಕಿಕೊಂಡು ಬಾಲ್ಕನಿಯಲ್ಲಿ ಕೂರುತ್ತಿದ್ದಳು. ಸೂರತ್‌ನಲ್ಲಿ ರಾಜ್ಯ ತಂಡದ ಆಯ್ಕೆ ನಡೆದುಹೋಯಿತು. ಆಮೇಲೆ ಶೂ ಕಾಲಿಗೆ ಬಿಗಿಯಾಯಿತು.

ವರ್ಷಗಳೇ ಕಳೆದವು. ಹೋದ ತಿಂಗಳು ಸರ್ ಹೆಂಡತಿ ಪದ್ಮಾವತಿ ಯಾರಿಂದಲೋ ನಂಬರ್ ಪಡೆದು ಫೋನ್ ಮಾಡಿದರು. ಸರ್‌ಗೆ ಲಕ್ವ ಹೊಡೆದಿತ್ತು. ಬಲಗೈ ಸ್ವಲ್ಪ ಆಡುತ್ತದೆ, ಮಾತು ಹೋಗಿದೆ. "ಒಮ್ಮೆ ಬಂದು ಹೋಗವಾ," ಎಂದರು. ಕರೆದರಲ್ಲ, ರಚನಾ ಹೋದಳು.

ಬಾಗಿಲು ತೆರೆದ ಪದ್ಮಾವತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗ ಬಂದೀಯೇನವಾ, ಮಾತು ಹೋದ ಮ್ಯಾಲೆ?"

"ಕರೆಯೋ ತನಕ ಬರಬೇಡ ಅಂದಿದ್ರು, ಆಂಟಿ."

"ಅಯ್ಯ ನನ್ನವ್ವಾ! ನನಗ ದಿನಾ ಮುಂಜಾನೆ ತವರಮನಿಗೆ ಹೋಗಿಬಿಡು ಅಂತಿದ್ರು. ನಾ ಹೋಗೀನೇನು? ಎಲ್ಲಾ ಹುಡುಗ್ಯಾರಿಗೂ ಹಂಗ ಬೈತಿದ್ರು. ಮರುದಿನ ಬಂದು ಕಂಬದ ಹತ್ರ ನಿಂತರ ಮುಗೀತು, ಏನೂ ಆಗೇ ಇಲ್ಲ ಅನ್ನೂವಂಗ ಆಟಕ್ಕ ಹಚ್ಚತಿದ್ರು." ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಿನ್ನ ಸಲುವಾಗಿ ತಾವ ಕಂಬದ ಹತ್ರ ನಿಂತಿದ್ರು. ಕತ್ತಲಾದ ಮ್ಯಾಲೆ ಮನಿಗೆ ಬಂದ್ರು, ಉಣಲಿಲ್ಲ."

"ಮನೆಗೆ ಬಂದು ಒಂದು ಮಾತು ಕರೀಬಹುದಿತ್ತಲ್ಲ ಆಂಟಿ."

"ಅವರಿಗೂ ಸೊಕ್ಕು. ಆಕೀನೇ ಆಟ ಬಿಟ್ಟು ಹೋದಳು ಅಂದ್ರು. ಅಲ್ಲಿಂದ ಮುಂದ ಆ ಮೈದಾನದಾಗ ಯಾರಿಗೂ ಕನ್ನಡದಾಗ ಬೈಲಿಲ್ಲ ನೋಡು."

ಒಳಗೆ ಸರ್ ಗೋಡೆಗೊರಗಿ ಮಂಚದ ಮೇಲಿದ್ದರು. ಗದರುವ ಆ ಬಾಯಿ ಒಂದು ಕಡೆ ಜೋತುಬಿದ್ದಿತ್ತು. ಅವಳಿಗೆ ನೋಡಲಾಗಲಿಲ್ಲ. ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತುಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಬೆನ್ನ ಮೇಲೊಂದು ಕೈ ಬಂತು. ಹಗುರವಾದ ಬಲಗೈ. ಅವಳ ಮಂಡಿಗಳು ಬಿಗಿದವು. ಆದರೆ ಆಟದಲ್ಲಿ ಬರೀ ಮುಟ್ಟಿದರೆ ಎದ್ದೇಳುವಂತಿಲ್ಲ. ಮುಟ್ಟಿದವರು ಬಾಯಿ ಬಿಟ್ಟು ಖೋ ಎಂದು ಹೇಳಲೇಬೇಕು. ಅದನ್ನು ಕಲಿಸಿದವರೂ ಇವರೇ.

"ಹೇಳಿ ಸರ್," ಎಂದಳು ತಿರುಗದೆ.

ಹಿಂದಿನಿಂದ ಉಸಿರಷ್ಟೇ ಕೇಳಿಸಿತು, ಎಳೆದೆಳೆದು ಬಿಡುವ ಉಸಿರು. ಕೈ ಮೆಲ್ಲಗೆ ಜಾರಿತು. ಪದ್ಮಾವತಿ ತಂದಿಟ್ಟ ಚಹಾ ಆರಿಹೋಯಿತು.

ಹೊರಡುವಾಗ ಅವರು ಗೇಟಿನವರೆಗೂ ಬಂದರು. "ಹುಡುಗ್ಯಾರು ಈಗೂ ಸಂಜೀಕ ಬಂದು ಸುಮ್ಮನ ಕುಂತು ಹೋಗತಾವು. ನೀನರ ನಾಲ್ಕು ದಿನ ಕಲಿಸಬಾರದೇನು? ಇಲ್ಲೇ ಐತಲ್ಲ ಮೈದಾನ, ಹೊಳ್ಳಿ ಹೋಗೂವಾಗ ನೋಡಿಕೊಂಡಾದ್ರೂ ಹೋಗು. ನಾ ಕರೀತೇನಲ್ಲ, ಸಾಲೂದಿಲ್ಲೇನು?"

ರಚನಾ ಮೈದಾನದ ಕಡೆ ಕಣ್ಣು ಹಾಯಿಸಲಿಲ್ಲ. ಬಸ್‌ಸ್ಟಾಪಿನ ದಾರಿಗೆ ತಿರುಗಿದ್ದಳು. "ಹಾಗಲ್ಲ ಆಂಟಿ," ಎಂದಳು, ಆಗಲೇ ನಡೆಯುತ್ತ, "ಸರ್ ಒಂದು ಸಲ, ಬೈದಾದರೂ ಪರವಾಗಿಲ್ಲ, ಬಾ ಅಂತ ಕರೀಲಿ."