ಮಳೆಗೆ ಬೇರೆ ಬಾಡಿಗೆ ಇಲ್ಲ

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಮಾನಿನ ಸಮಾಯಿಲ್‌ನಲ್ಲಿ ಹಳ್ಳ ಬಂದಿದೆ. ನಿನ್ನೆ ಸಂಜೆಯವರೆಗೆ ಮೇಕೆಗಳು ಮಲಗಿದ್ದ ಜಾಗದಲ್ಲಿ ಈಗ ಚಹಾ ಬಣ್ಣದ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಓಡುತ್ತಿದೆ. ರಸ್ತೆ ಹಳ್ಳಕ್ಕೆ ಇಳಿಯುವ ಕಡೆ, ನೀರಿನ ನಡುವೆ, ಒಂದು ಬಿಳಿ ಪಿಕಪ್ ಮಗ್ಗುಲಿಗೆ ವಾಲಿಕೊಂಡು ನಿಂತಿದೆ. ಅದರ ಹಿಂಬದಿಗೆ ಉಕ್ಕಿನ ಹಗ್ಗ ಬಿಗಿದಿದೆ. ಹಗ್ಗದ ಇನ್ನೊಂದು ತುದಿ ದಡದ ಮೇಲೆ ನಿಂತಿರುವ ಹಳದಿ ಟೋಯಿಂಗ್ ಗಾಡಿಯ ವಿಂಚಿಗೆ ಸುತ್ತಿದೆ. ಆ ಗಾಡಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಮುಸಲ್ಲಮ್ ಬಿನ್ ಹಾರಿಬ್ ಕಾಫಿ ಕುಡಿಯುತ್ತಿದ್ದಾರೆ.

ಪಿಕಪ್ಪಿನ ಮಾಲೀಕ ಸುಬೈತ್‌ಗೆ ಇದನ್ನು ನೋಡಿ ಮೈಯೆಲ್ಲ ಉರಿಯುತ್ತಿದೆ. ಅವರು ಬರ್ಕಾದ ಮೀನು ವ್ಯಾಪಾರಿ. ನಿಝ್ವಾದ ಮಾರುಕಟ್ಟೆಗೆ ಹೊರಟ ಅಂಜಲ್, ಬಂಗುಡೆ ಎಲ್ಲ ಐಸಿನ ಪೆಟ್ಟಿಗೆಗಳಲ್ಲಿ ನೀರಿನ ನಡುವೆ ಕೂತಿವೆ. ಸುಬೈತ್ ಹೇಗೋ ಹಾರಿ ದಡ ಸೇರಿದ್ದಾರೆ, ಸೊಂಟದವರೆಗೆ ಒದ್ದೆ. ಹೋಗಿ ಬಂದು, ಹೋಗಿ ಬಂದು, ಕೊನೆಗೆ ಚಾಪೆಯ ಮುಂದೆ ನಿಲ್ಲುತ್ತಾರೆ.

"ಯಾವಾಗ ಎಳೀತೀರಿ ಚಿಕ್ಕಪ್ಪಾ?"

"ಆ ಬಿಳಿ ಕಲ್ಲು ಕಂಡ ಮೇಲೆ."

"ಯಾವ ಬಿಳಿ ಕಲ್ಲು? ನಂಗೆ ಕಾಣ್ತಿಲ್ವಲ್ಲ."

"ಅದಕ್ಕೇ ಎಳೀತಿಲ್ಲ. ಕೂತ್ಕೋ, ಖರ್ಜೂರ ತಿನ್ನು."

ಆ ಬಿಳಿ ಕಲ್ಲನ್ನು ಮುಸಲ್ಲಮ್ ಅವರೇ ನೀರಂಚಿನಲ್ಲಿ ಇಟ್ಟದ್ದು; ಏರಿದ ನೀರಿನಲ್ಲಿ ಅದು ಈಗ ಮುಳುಗಿದೆ. ಹಳ್ಳ ಬಂದ ಕಡೆ ಅವರು ಮಾಡುವ ಮೊದಲ ಕೆಲಸವೇ ಅದು. ಎರಡನೆಯದು, ಗಾಡಿ ಕೊಚ್ಚಿಹೋಗದ ಹಾಗೆ ದಡದಿಂದಲೇ ಕೊಕ್ಕೆ ಎಸೆದು ಹಗ್ಗ ಬಿಗಿಯುವುದು. ಮೂರನೆಯದು ಈಗ ನಡೆಯುತ್ತಿರುವುದು, ಅಂದರೆ ಸುಮ್ಮನೆ ಕೂರುವುದು. ನೀರು ಏರುತ್ತಿರುವಾಗ ಎಳೆದರೆ ಒಂದು ಕಡೆಯಿಂದ ಹಗ್ಗ, ಇನ್ನೊಂದು ಕಡೆಯಿಂದ ಹಳ್ಳ ಜಗ್ಗಿ ಗಾಡಿ ಮಗುಚುತ್ತದೆ. ಅದನ್ನು ಸರಿಪಡಿಸಲು ಯಾರಾದರೂ ನೀರಿಗೆ ಇಳಿಯಬೇಕಾಗುತ್ತದೆ. ಇಳಿದವನ ಕಥೆ ಏನಾಗಬಹುದು ಎಂಬುದನ್ನು ಮುಂದೆ ಹೇಳುತ್ತೇವೆ, ಹಾಗೆ ಇಳಿದವರೊಬ್ಬರು ಇಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ.

ಸುಬೈತ್ ಜೇಬಿನಿಂದ ಒದ್ದೆ ನೋಟುಗಳನ್ನು ಎಳೆದು ತೆಗೆಯುತ್ತಾರೆ. "ನಿಮ್ಮನ್ನ ಕಳ್ಸಿದ ಕಂಪನಿಯವರು ಮಳೆ ದರ ಹದಿನೈದು ರಿಯಾಲ್ ಹೆಚ್ಚು ಅಂದ್ರು. ನಾನು ಮೂವತ್ತು ಕೊಡ್ತೀನಿ. ಐಸ್ ಕರಗ್ತಾ ಇದೆ. ಈಗ್ಲೇ ಎಳೀರಿ."

"ಜೇಬಲ್ಲಿಟ್ಕೋ ಮಗಾ," ಎನ್ನುತ್ತಾರೆ ಮುಸಲ್ಲಮ್. "ಅದನ್ನ ಇಸ್ಕೊಂಡ್ರೆ ನೀನು ಹೇಳಿದ್ ಹಾಗೆ ಕೇಳ್ಬೇಕಾಗತ್ತೆ."

ಫಂಜಾದಿಂದ ಇಝ್ಕಿಯವರೆಗಿನ ದಾರಿಯಲ್ಲಿ ಇಪ್ಪತ್ತು ವರ್ಷದಿಂದ ಕೆಟ್ಟು ನಿಂತ ಗಾಡಿಗಳನ್ನು ಎತ್ತುತ್ತಿರುವ ಮುಸಲ್ಲಮ್ ಅವರಿಗೆ ಈಗ ಐವತ್ತನಾಲ್ಕು. ಅದಕ್ಕೂ ಮುಂಚೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಈ ಸೀಮೆಯ ಅರ್ಧ ಜನರ ಫೋನಿನಲ್ಲಿ ಅವರ ನಂಬರ್ ಇದೆ, 'ಹಳದಿ ಬ್ರೇಕ್‌ಡೌನ್' ಎಂಬ ಹೆಸರಿನಲ್ಲಿ. ಮುಖ ಮಾತ್ರ ಯಾರಿಗೂ ನೆನಪಿಲ್ಲ. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತವನಿಗೆ ಬಂದವರ ಮುಖ ನೋಡುವಷ್ಟು ವ್ಯವಧಾನ ಎಲ್ಲಿರುತ್ತದೆ? ಮೊನ್ನೆ ಹಲ್ವಾ ಅಂಗಡಿಯಲ್ಲಿ ಒಬ್ಬರು ಇವರಿಗೇ ಇವರ ನಂಬರ್ ಕೊಟ್ಟು, "ಇಟ್ಕೊಂಡಿರಿ, ಒಳ್ಳೆ ಮನುಷ್ಯ" ಎಂದರಂತೆ. ಇವರು ನಂಬರ್ ಬರೆದುಕೊಂಡು ಉಪಕಾರವಾಯಿತು ಎಂದು ಹೇಳಿ ಬಂದಿದ್ದಾರೆ.

ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಕರೆ. ಕಾದ ಎಂಜಿನ್, ಸಿಡಿದ ಟಯರ್, ಸತ್ತ ಬ್ಯಾಟರಿ. ವರ್ಷದಲ್ಲಿ ಮಳೆ ಸುರಿಯುವ ದಿನಗಳು ಬೆರಳೆಣಿಕೆಯಷ್ಟೇ, ಆದರೆ ಆ ದಿನಗಳಲ್ಲಿ ಫೋನ್ ಕೆಳಗಿಡಲು ಬಿಡುವಿರುವುದಿಲ್ಲ. ಊರಿನವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಹಳ್ಳ ನೋಡಲು ಬರುತ್ತಾರೆ. ಅವರಲ್ಲೇ ಕೆಲವರು ನೋಡುವುದು ಸಾಲದೆ ದಾಟಲು ಹೋಗುತ್ತಾರೆ.

ಅಂಥ ದಿನ ಇಲ್ಲಿ ಫಝಾ ಎಂಬುದೊಂದಿದೆ. ಕೂಗು ಕೇಳಿದ್ದೇ ತಡ, ದೊಡ್ಡ ಗಾಡಿ ಇದ್ದವರೆಲ್ಲ ಊಟ ಬಿಟ್ಟು, ಹಗ್ಗ ಹಿಡಿದು ಓಡಿ ಬರುತ್ತಾರೆ. ಸಿಕ್ಕಿಬಿದ್ದವನನ್ನು ದಡಕ್ಕೆ ಎಳೆದು ಹಾಕಿ ಹೆಸರೂ ಹೇಳದೆ ಹೋಗುತ್ತಾರೆ. ಅದಕ್ಕೆ ದುಡ್ಡು ಕೇಳಿದವನು ಮತ್ತೆ ಊರಿನ ಜಗಲಿಯಲ್ಲಿ ಕೂತು ಕಾಫಿ ಕುಡಿಯಲಾರ. ಹಾಗಾಗಿ ಮುಸಲ್ಲಮ್ ಅವರೂ ನೀರಿನಿಂದ ದಡಕ್ಕೆ ಎಳೆಯುವುದಕ್ಕೆ ಒಂದು ಬೈಸಾ ಕಾಸನ್ನೂ ಮುಟ್ಟುವುದಿಲ್ಲ. ದಡದಿಂದ ಗ್ಯಾರೇಜಿಗೆ ಹೊತ್ತೊಯ್ಯುವುದಕ್ಕಷ್ಟೇ ಬಾಡಿಗೆ, ಅದೂ ಎಂದಿನ ಬಾಡಿಗೆ.

ತಕರಾರು ಹುಟ್ಟಿರುವುದು ಇಲ್ಲಿಯೇ. ಮಸ್ಕತ್‌ನ ಒಂದು ರಸ್ತೆ ನೆರವಿನ ಕಂಪನಿ ಇವರಿಗೆ ಕರೆಗಳನ್ನು ಕಳಿಸುತ್ತದೆ. ಬರುವ ಕೆಲಸದ ಮುಕ್ಕಾಲು ಪಾಲು ಅಲ್ಲಿಂದಲೇ. ಆ ಕಂಪನಿ ಈ ಚಳಿಗಾಲದಿಂದ ಹೊಸ ನಿಯಮ ತಂದಿದೆ. ಹವಾಮಾನ ಎಚ್ಚರಿಕೆ ಇರುವ ದಿನ ಪ್ರತಿ ಕರೆಗೆ ಹದಿನೈದು ರಿಯಾಲ್ ಹೆಚ್ಚು. ಹೆಚ್ಚು ಕೊಟ್ಟ ಗಿರಾಕಿಯ ಗಾಡಿಯನ್ನು ಒಂದು ಗಂಟೆಯೊಳಗೆ ಎತ್ತಿಯೇ ತೀರಬೇಕು. ಒಪ್ಪದವರ ಹೆಸರು ಪಟ್ಟಿಯಿಂದ ಹೊರಗೆ. ಉತ್ತರ ಕೊಡಲು ಇವತ್ತು ಬೆಳಿಗ್ಗೆಯೇ ಕೊನೆ.

ಮುಸಲ್ಲಮ್ ಒಬ್ಬರ ಹೊಟ್ಟೆಪಾಡಾಗಿದ್ದರೆ ಎಂದೋ ಬೇಡ ಎಂದು ಕೈತೊಳೆದುಕೊಳ್ಳುತ್ತಿದ್ದರು. ಆದರೆ ಹಳದಿ ಗಾಡಿ ಎರಡು ಮನೆ ನಡೆಸುತ್ತಿದೆ. ಇನ್ನೊಂದು ಮನೆ ಅವರ ತಂಗಿ ಝುವೈನಾಳದು. ಅವಳ ಗಂಡ ಝಾಹಿರ್, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಗಾಲು ಚಾಚಿಕೊಂಡು, ಎರಡೂ ಫೋನ್ ತೊಡೆಯ ಮೇಲಿಟ್ಟುಕೊಂಡು ಕೂತಿರುವವರು.

ಝಾಹಿರ್‌ಗೂ ಇಂಥದೇ ಒಂದು ಟೋಯಿಂಗ್ ಗಾಡಿ ಇತ್ತು. ಕಳೆದ ಚಳಿಗಾಲ, ವಿಮಾನ ಹಿಡಿಯುವ ಅವಸರದಲ್ಲಿದ್ದ ಗಿರಾಕಿಯೊಬ್ಬ ಹಳ್ಳದಲ್ಲಿ ಸಿಕ್ಕಿಕೊಂಡು, ಹೆಚ್ಚಿನ ಹಣವನ್ನು ಮೊದಲೇ ಕೈಗಿಟ್ಟ. ನೀರು ಏರುತ್ತಿದೆ ಎಂಬುದು ಝಾಹಿರ್‌ಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೂ ಇಳಿದರು. ಉರುಳಿ ಬಂದ ಬಂಡೆ ಮೊಣಕಾಲನ್ನು ಜಜ್ಜಿತು, ಅವರ ಟೋಯಿಂಗ್ ಗಾಡಿ ತೋಟಗಳ ಕಡೆಗೆ ತೇಲಿಹೋಯಿತು. ಅಂದಿನಿಂದ ಅವರು ಭಾವನ ಗಾಡಿಯಲ್ಲಿ ಪಾಲುದಾರ. ಫೋನಿನ ಕೆಲಸ ಪೂರ್ತಿ ಅವರದು.

ಇಷ್ಟಾದ ಮೇಲೂ ಮಳೆ ದರ ಬೇಕೇ ಬೇಕು ಎನ್ನುವವರು ಝಾಹಿರ್! "ನನ್ ಕಾಲು ಹೋಗಿದ್ದು ಮಳೇಲಿ, ಬಿಸಿಲಲ್ಲಲ್ಲ," ಎನ್ನುತ್ತಾರೆ. "ಫಝಾಕ್ಕೆ ಬರೋರೆಲ್ಲ ದೊಡ್ಡ ಮನಸ್ಸಿನವರು, ಇಲ್ಲ ಅಂದೋರ್ ಯಾರು? ಆದ್ರೆ ಅವರು ನಾಳೆ ಆಫೀಸಿಗೆ ಹೋಗಿ ಸಂಬಳ ತಗೋತಾರೆ. ನಮ್ ಸಂಬಳ ಇದೇ ಹಳ್ಳದಲ್ಲಿದೆ. ಜೀವ ಪಣಕ್ಕಿಟ್ಟೋನಿಗೆ ನಾಲ್ಕು ಕಾಸು ಹೆಚ್ಚು ಕೊಟ್ರೆ ಯಾರಪ್ಪನ ಗಂಟು ಹೋಗತ್ತೆ?"

ಮಳೆ ದರ ಅನ್ಯಾಯ ಎಂದು ದಿವಾನಖಾನೆಯಲ್ಲಿ ಕೂತು ಹೇಳಿಬಿಡುವವರು ಒಮ್ಮೆ ಝಾಹಿರ್ ಅವರ ಮೊಣಕಾಲನ್ನು ನೋಡಿ ಬರಲಿ. ಅವರ ಮಾತಿಗೆ ಸುಲಭದ ಉತ್ತರವಿಲ್ಲ. ಮುಸಲ್ಲಮ್ ಅವರಿಗೂ ಅದು ಗೊತ್ತು. ಅದಕ್ಕೇ ಅವರು ಕಂಪನಿಗೆ ಬೇರೆ ದಾರಿ ಹೇಳಿ ನೋಡಿದರು: ವರ್ಷಪೂರ್ತಿ ಎಲ್ಲ ಬಾಡಿಗೆಗೂ ಒಂದು ರಿಯಾಲ್ ಏರಿಸಿ, ಅದನ್ನು ಗಾಯಗೊಂಡ ಚಾಲಕರಿಗೆಂದು ತೆಗೆದಿಡಿ. ಬಿಸಿಲಲ್ಲಿ ಕೆಟ್ಟು ನಿಂತವನೂ ಕೊಡಲಿ, ಮಳೆಯಲ್ಲಿ ಸಿಕ್ಕಿದವನೂ ಕೊಡಲಿ. ಕಂಪನಿ ನಕ್ಕು ಸುಮ್ಮನಾಯಿತು.

"ನಂಗೆ ದುಡ್ಡು ಕಹಿ ಅಂತಲ್ಲ," ಎನ್ನುತ್ತಾರೆ ಮುಸಲ್ಲಮ್. "ಹೆಚ್ಚು ಕೊಟ್ಟೋನು ಕಾಯಲ್ಲ. ಅವನನ್ನ ಬೈದೂ ಪ್ರಯೋಜನ ಇಲ್ಲ, ಅವನು ಕೊಟ್ಟಿದ್ದೇ ಬೇಗ ಆಗ್ಲಿ ಅಂತ. ಹಳ್ಳದ ಹತ್ರ ನನ್ ಕೆಲಸ ಎಲ್ಲಾ 'ತಡಿ' ಅನ್ನೋದ್ರಲ್ಲೇ ಇದೆ. ದುಡ್ಡು ಇಸ್ಕೊಂಡ್ ಮೇಲೆ ಆ ಮಾತು ಬಾಯಿಂದ ಹೊರಡಲ್ಲ."

ಮೊನ್ನೆ ಇದೇ ಮಾತು ಒಂದು ಹೆಜ್ಜೆ ಮುಂದೆ ಹೋಯಿತು. "ನಿನ್ ಕಾಲು ಮುರಿದಿದ್ದು ಹಳ್ಳ ಅಲ್ಲ ಝಾಹಿರ್, ಆ ನೋಟು," ಎಂದುಬಿಟ್ಟರು ಮುಸಲ್ಲಮ್. ಅಂದಿನಿಂದ ಇಬ್ಬರೂ ಒಂದೇ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಮಾತು ಬಿಟ್ಟರು. ಗಿರಾಕಿ ಎಲ್ಲಿದ್ದಾನೆ ಎಂಬುದನ್ನೂ ಝಾಹಿರ್ ಗಾಜಿನ ಕಡೆಗೆ ತಿರುಗಿ, ರಸ್ತೆಗೆ ಹೇಳುವಂತೆ ಹೇಳುತ್ತಿದ್ದರು.

ಝುವೈನಾಗೆ ಇಬ್ಬರ ಮೇಲೂ ಸಿಟ್ಟು. ಮನೆಯಲ್ಲಿ ತೆಳ್ಳನೆಯ ರೊಟ್ಟಿಯನ್ನು ಕಾವಲಿಯಿಂದ ಕೀಳುತ್ತಲೇ ಹೇಳುತ್ತಾಳೆ: "ಇಬ್ರೂ ಸೇರಿ ನನ್ ಗಂಡನ ಕಾಲಿಗೆ ಬೆಲೆ ಕಟ್ತಿದಾರೆ. ಒಬ್ಬ ಹದಿನೈದು ಅಂತಾನೆ, ಇನ್ನೊಬ್ಬ ಸೊನ್ನೆ ಅಂತಾನೆ. ಮಳೆ ಬಂದ ದಿನ ಇಬ್ರೂ ಮನೆಗೆ ಬರ್ತಾರಾ ಇಲ್ವಾ ಅಂತ ಬಾಗಿಲಲ್ಲಿ ನಿಲ್ಲೋಳು ನಾನು. ನನ್ನನ್ನ ಯಾರಾದ್ರೂ ಕೇಳಿದ್ರಾ?"

ಹಳ್ಳದ ದಡದಲ್ಲಿ ಈಗ ಬೆಳಕಾಗಿದೆ. ಝಾಹಿರ್ ತೊಡೆಯ ಮೇಲಿನ ಫೋನ್ ಬಡಿದುಕೊಳ್ಳುತ್ತದೆ. ಕಂಪನಿಯ ಹುಡುಗಿ. ಒಪ್ಪಿಗೆಯೋ ಇಲ್ಲವೋ, ಈಗಲೇ ಹೇಳಬೇಕಂತೆ.

"ಒಂದ್ ನಿಮಿಷ ಮಗಳೇ," ಎಂದು ಝಾಹಿರ್ ಫೋನನ್ನು ಎದೆಗೆ ಒತ್ತಿ ಹಿಡಿಯುತ್ತಾರೆ. ಎರಡು ದಿನದ ನಂತರ ಮೊದಲ ಬಾರಿ ನೇರವಾಗಿ ಕೇಳುತ್ತಾರೆ: "ಭಾವ, ಏನ್ ಹೇಳ್ಲಿ?"

ಮುಸಲ್ಲಮ್ ನೀರಿನಿಂದ ಕಣ್ಣು ತೆಗೆಯುವುದಿಲ್ಲ. "ಕಾಲು ನಿಂದು. ನೀನೇ ಹೇಳು. ಏನ್ ಹೇಳಿದ್ರೂ ನಾನು ಮತ್ತೆ ಅದರ ಬಗ್ಗೆ ಬಾಯಿ ಬಿಡಲ್ಲ."

ಝಾಹಿರ್ ಎದುರಿಗೆ ಸುಬೈತ್ ನಿಂತಿದ್ದಾರೆ. ಒದ್ದೆ ನೋಟುಗಳು ಇನ್ನೂ ಅವರ ಕೈಯಲ್ಲೇ ಇವೆ. ಸುಬೈತ್ ಕಣ್ಣು ಒಮ್ಮೆ ಗಡಿಯಾರದ ಮೇಲೆ, ಒಮ್ಮೆ ಮೀನಿನ ಪೆಟ್ಟಿಗೆಗಳ ಮೇಲೆ. ಆ ಕೈಯನ್ನು ಝಾಹಿರ್ ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಫೋನ್ ಕಿವಿಗಿಡುತ್ತಾರೆ.

"ಮಗಳೇ, ಒಂದು ಗಂಟೇಲಿ ಎತ್ತೋದು ನಮ್ಮಿಂದ ಆಗಲ್ಲ. ಹಳ್ಳ ಬಿಟ್ಟಾಗ ಎತ್ತೋದು. ಆ ಹದಿನೈದು ನಮಗೆ ಬೇಡ. ಹೆಸರು ತೆಗೀತೀಯಾ? ತೆಗಿ. ನಿನ್ ತಪ್ಪೇನೂ ಇಲ್ಲ, ದೇವರು ನಿನ್ನನ್ನ ಚೆನ್ನಾಗಿಟ್ಟಿರ್ಲಿ."

ಅವರು ಫೋನನ್ನು ಮತ್ತೆ ತೊಡೆಯ ಮೇಲಿಡುತ್ತಾರೆ. ಮುಕ್ಕಾಲು ಪಾಲು ಕೆಲಸ ಒಂದು ಮಾತಿಗೆ ಹೋಗಿದೆ. "ಆವತ್ತು ನಾನು ನೋಟು ಜೇಬಿಗೆ ಹಾಕ್ಕೊಂಡೆ," ಎನ್ನುತ್ತಾರೆ, ಯಾರನ್ನೂ ನೋಡದೆ. "ಆಮೇಲೆ ಆ ಮನುಷ್ಯ ಒಂದು ಮಾತೂ ಆಡ್ಲಿಲ್ಲ. ಬರೀ ಗಡಿಯಾರ ನೋಡ್ದ. ಅವನು ನೋಡ್ದಾಗೆಲ್ಲ ನಂಗೆ ಅವನ ಸಾಮಾನು ಕದ್ದಿಟ್ಕೊಂಡ ಹಾಗೆ ಅನ್ನಿಸ್ತಿತ್ತು. ಅದಕ್ಕೇ ಇಳಿದೆ. ಇದನ್ನ ಮನೇಲೂ ಹೇಳಿರ್ಲಿಲ್ಲ."

ಮುಸಲ್ಲಮ್ ಒಂದು ಬಟ್ಟಲು ಕಾಫಿ ಬಗ್ಗಿಸಿ, ಎದ್ದು ಹೋಗಿ ಝಾಹಿರ್ ಕೈಗೆ ಕೊಡುತ್ತಾರೆ.

ಬಿಸಿಲು ಖರ್ಜೂರದ ತೋಟಗಳನ್ನು ಮುಟ್ಟುವ ಹೊತ್ತಿಗೆ ಬಿಳಿ ಕಲ್ಲಿನ ನೆತ್ತಿ ಕಾಣುತ್ತದೆ. ಮೊದಲು ನೋಡಿ ಕೂಗುವುದು ಸುಬೈತ್. ಆಗ ನೋಡಬೇಕು ಮುಸಲ್ಲಮ್ ಅವರ ಚುರುಕು! ಅಷ್ಟು ಹೊತ್ತು ಚಾಪೆಗೆ ಅಂಟಿಕೊಂಡಿದ್ದ ಮನುಷ್ಯ ಇವರೇ ಎಂದು ನಂಬಲಾಗುವುದಿಲ್ಲ. ವಿಂಚ್ ಮೆಲ್ಲಗೆ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ಪಿಕಪ್ ಒಮ್ಮೆ ಕೊಸರಿ, ಕಲ್ಲುಗಳ ಹಿಡಿತ ಬಿಡಿಸಿಕೊಂಡು, ನೀರು ಸುರಿಸುತ್ತ ದಡಕ್ಕೆ ಬರುತ್ತದೆ. ಯಾರೂ ನೀರಿಗೆ ಇಳಿದಿಲ್ಲ.

ನಿಝ್ವಾದ ಮಾರುಕಟ್ಟೆ ಸುಬೈತ್ ಕೈತಪ್ಪಿದೆ, ನಿಜ. ಆದರೆ ಹಳ್ಳ ನೋಡಲು ಬಂದವರು ಪಿಕಪ್ಪಿಗೆ ಮುತ್ತಿಕೊಂಡಿದ್ದಾರೆ. ಐಸ್ ಮುಗಿಯುವ ಮೊದಲೇ ಪೆಟ್ಟಿಗೆಗಳು ಖಾಲಿಯಾಗುತ್ತಿವೆ, ಚೌಕಾಸಿಯೂ ಜೋರಾಗಿಯೇ ಇದೆ. ಸುಬೈತ್ ಗ್ಯಾರೇಜಿನವರೆಗಿನ ಎಂದಿನ ಬಾಡಿಗೆ ಕೊಟ್ಟು, ಜೊತೆಗೊಂದು ಅಂಜಲ್ ಮುಂದೆ ಹಿಡಿಯುತ್ತಾರೆ. ಮುಸಲ್ಲಮ್ ಬೇಡವೆಂದು ತಲೆಯಾಡಿಸುವಷ್ಟರಲ್ಲಿ ಝಾಹಿರ್ ಕುರ್ಚಿಯಿಂದಲೇ ಕೈಚಾಚುತ್ತಾರೆ: "ದುಡ್ಡು ಬೇಡ ಅಂದ್ವಿ, ಸರಿ. ಮೀನು ಬೇಡ ಅಂತ ಯಾರಂದ್ರು? ಇಲ್ಲಿ ಕೊಡಪ್ಪ."

ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಕಂಪನಿಯದಲ್ಲ, ಗುರುತಿಲ್ಲದ ನಂಬರ್. ಫಂಜಾದ ಹತ್ತಿರ ಹಳ್ಳದಲ್ಲಿ ಸಿಕ್ಕಿಕೊಂಡು ದಡ ಸೇರಿದ ಹೆಂಗಸೊಬ್ಬಳು. ಗಾಬರಿಯ ದನಿ ಫೋನಿನಾಚೆಗೂ ಕೇಳುತ್ತಿದೆ. ಝಾಹಿರ್ ಮೀನನ್ನು ತೊಡೆಯ ಮೇಲಿಟ್ಟುಕೊಂಡು, ಮತ್ತೆ ಗಾಡಿಯ ಹತ್ತಿರ ಹೋಗಬೇಡ ಎನ್ನುತ್ತಾರೆ, ಮಕ್ಕಳನ್ನು ಎತ್ತರಕ್ಕೆ ಕೂರಿಸು ಎನ್ನುತ್ತಾರೆ. ಅವಳು ಮಳೆಯ ದಿನಕ್ಕೆ ಎಷ್ಟಾಗುತ್ತದೆ ಎಂದು ಅಳುಕುತ್ತಲೇ ಕೇಳುತ್ತಾಳೆ.

"ನಿನ್ನೆ ಎಷ್ಟಿತ್ತೋ ಅಷ್ಟೇ ತಂಗಿ," ಎನ್ನುತ್ತಾರೆ ಝಾಹಿರ್. "ಆದ್ರೆ ನೀರು ಇಳಿಯೋವರೆಗೂ ಕಾಯ್ಬೇಕಾಗತ್ತೆ. ಹೆದರ್ಕೋಬೇಡ. ನಾವೂ ಬಂದು ನಿನ್ ಜೊತೆ ಕೂತ್ಕೊಂಡು ಕಾಯ್ತೀವಿ."