ಪೂಜೆಗೆ ಕೂತ ಜ್ಯಾಕ್

ಗೆಳೆಯರೇ, ಇವತ್ತು ಖಂಡೇನವಮಿ, ಆಯುಧಪೂಜೆಯ ದಿನ. ಬೆಳಿಗ್ಗೆ ಅವ್ವ ನಮ್ಮ ಕಾರಿನ ಜ್ಯಾಕು, ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರುಗಳನ್ನು ತೊಳೆದು, ಕುಂಕುಮ ಹಚ್ಚಿ, ದೇವರ ಮುಂದೆ ಮಣೆಯ ಮೇಲೆ ಕೂರಿಸಿದ್ದಳು. ಮಧ್ಯಾಹ್ನ ಧಾರವಾಡದಿಂದ ಫೋನು ಬಂತು. ಅವ್ವನ ತಮ್ಮ ಐಸಿಯುದಲ್ಲಿದ್ದಾನೆ, ನೋಡುವವರು ಇವತ್ತೇ ಹೊರಡಿ ಎಂದರು.

ನಾನು ಸಾಮಾನು ತುಂಬಲು ಜ್ಯಾಕಿಗೆ ಕೈ ಹಾಕಿದೆ.

"ಮುಟ್ಟಬ್ಯಾಡ. ಪೂಜಾಕ್ಕ ಕೂತದ್ದನ್ನ ನಾಳೆ ತನಕಾ ಅಲ್ಲಾಡಸಬಾರದು," ಎಂದಳು ಅವ್ವ.

"ಗಾಡಿಗೂ ಪೂಜಾ ಮಾಡೀಯಲ್ಲವ್ವಾ, ಅದು ಹೋಗಬೌದೇನು?"

"ಗಾಡಿ ಹೊರಗ ನಿಂತದ. ಇವು ಮಣಿ ಮ್ಯಾಲ ಕೂತಾವ."

"ದಾರ್ಯಾಗ ಪಂಕ್ಚರ್ ಆದ್ರ?"

ಅವ್ವ ದೀಪಕ್ಕೆ ಎಣ್ಣೆ ಹಾಕತೊಡಗಿದಳು. ಪಕ್ಕದ ಮನೆಯ ಮರಾಠಿ ಅಜ್ಜನ ಹತ್ತಿರ ಜ್ಯಾಕು ಕೇಳಿದೆ. "ಆಮ್ಚಾ ಪಣ್ ಪೂಜೇಲಾ ಬಸಲಾಯ್," ಎಂದು ಕೈ ಮುಗಿದರು. ಅವರ ಜ್ಯಾಕೂ ಪೂಜೆಗೆ ಕೂತಿದೆ. ಊರೆಲ್ಲ ಪಾನಾಕ್ಕೆ ಮಾನ, ನನಗೆ ಅವಮಾನ.

ಮರಳಿ ಬಂದಾಗ ಅವ್ವ ಮಣೆಯ ಮುಂದೆ ಕೂತು ಅಕ್ಷತೆ ಹಾಕುತ್ತಿದ್ದಳು. ಕಣ್ಣು ತುಂಬಿತ್ತು. "ಸಿಟ್ಟಾಗಬ್ಯಾಡ್ರಿ, ಒಂದ್ ದಿನಾ ಮೊದಲ ಎಬ್ಬಸಾಕತ್ತೀನಿ. ತಮ್ಮನ ಮಾರಿ ನೋಡಬೇಕ್ರಿ. ನೀವೂ ನಡೀರಿ ನನ್ನ ಕೂಡ," ಎಂದು ಜ್ಯಾಕಿಗೆ ಹೇಳಿದಳು. ಎಲ್ಲವನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಾನೇ ಚೀಲಕ್ಕಿಟ್ಟಳು. ಡಿಕ್ಕಿ ತೆರೆದರೆ ನನ್ನನ್ನೇ ಗದರಿದಳು: "ದೇವರನ್ನ ಡಿಕ್ಕ್ಯಾಗ ಹಾಕ್ತೀಯೇನೋ?"

ಈಗ ಧಾರವಾಡದ ಹಾದಿಯಲ್ಲಿ ಸಾತಾರಾ ದಾಟಿ ಚಹಾಕ್ಕೆ ನಿಂತಿದ್ದೇವೆ. ಮಾಮಾ ಹಾಗೇ ಇದ್ದಾನಂತೆ. ಅವ್ವ ಇಳಿದಿಲ್ಲ, ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾಳೆ. ದಾರಿಯಲ್ಲಿ ಪಂಕ್ಚರ್ ಆಗಬಾರದು. ಆದರೆ ಆ ಕೈಗಳಿಂದ ಜ್ಯಾಕ್ ಬಿಡಿಸಿಕೊಳ್ಳುವ ಧೈರ್ಯ ನನಗಂತೂ ಇಲ್ಲ.